ಬಾಗಿಲಿಲ್ಲದ ಬಾಲ್ಕನಿಯಿಂದ ಭಾಷಣ

ಊರಿನ ಪುರಭವನಕ್ಕೆ ನೂರು ವರ್ಷ ತುಂಬಿತ್ತು. ಕಲ್ಲಿನ ಕಮಾನುಗಳು, ಗಡಿಯಾರದ ಗೋಪುರ, ಮುಂಭಾಗದಲ್ಲಿ ಹೂಬಳ್ಳಿ ಕೆತ್ತಿದ ಬಾಲ್ಕನಿ, ಎಲ್ಲವೂ ಇದ್ದವು. ಬಾಲ್ಕನಿಗೆ ಬಾಗಿಲೊಂದು ಇರಲಿಲ್ಲ ಅಷ್ಟೇ. ಕಟ್ಟುವಾಗ ನಕ್ಷೆ ಬರೆದವನಿಗೂ ಮೇಸ್ತ್ರಿಗೂ ಮಾತು ಬಿಟ್ಟುಹೋಗಿತ್ತಂತೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ, ಒಬ್ಬ ಹೊರಗೆ ಬಾಲ್ಕನಿ ಚಾಚಿದ, ಇನ್ನೊಬ್ಬ ಒಳಗಿಂದ ಗೋಡೆ ಎಬ್ಬಿಸಿದ. ಆಮೇಲೆ ಬಂದ ಪುರಸಭಾಧ್ಯಕ್ಷರೆಲ್ಲ ಬುದ್ಧಿವಂತರು, ನೆಲದ ಮೇಲೆ ನಿಂತೇ ಭಾಷಣ ಮಾಡಿದರು.

ಈಗಿನ ಅಧ್ಯಕ್ಷರಿಗೆ ಮಾತ್ರ ಬಾಲ್ಕನಿಯೇ ಬೇಕಾಯಿತು. ಕಾರಣ ಅವರ ಅಕ್ಕ. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದ ಆಕೆ, "ನಮ್ಮ ಪುಟ್ಟಂಗೆ ಬಾಯೇ ಇಲ್ಲ" ಅಂತ ಕಂಡವರಿಗೆಲ್ಲ ಹೇಳುತ್ತಿದ್ದರು. ಇರುವುದಾದರೂ ಹೇಗೆ? ಪುಟ್ಟ ತುಟಿ ಬಿಚ್ಚಿದರೆ ಸಾಕು, ಉಳಿದ ಮಾತನ್ನು ಅಕ್ಕನೇ ಆಡಿ ಮುಗಿಸುತ್ತಿದ್ದರು! ತಾನು ಅಷ್ಟೆತ್ತರದಲ್ಲಿ ನಿಂತರೆ ಅಕ್ಕ ನಡುವೆ ಬಾಯಿ ಹಾಕಲಾರರು. ಒಂದು ಸಲವಾದರೂ ಅಕ್ಕ ತನ್ನ ಮಾತನ್ನು ಕೊನೆಯವರೆಗೆ ಕೇಳಬೇಕು, ಅಧ್ಯಕ್ಷರ ಆಸೆ ಅಷ್ಟೇ.

ಶತಮಾನೋತ್ಸವದ ದಿನ, ಮೈದಾನದಲ್ಲಿ ಜನ ಸೇರಿದ ಮೇಲೆ, ಗೋಡೆಗೆ ಬಣ್ಣ ಬಳಿಯುತ್ತಿದ್ದವನ ಏಣಿ ಹತ್ತಿ ಮೇಲೆ ಹೋದರು. ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿ, ಕೈಮುಗಿದು, ಇಳಿಯಲು ತಿರುಗಿದರೆ ಏಣಿ ಇಲ್ಲ. ಭಾಷಣ ಅಂದರೆ ಸಂಜೆಯವರೆಗೆ ಅನ್ನುವುದು ಬಣ್ಣದವನ ಅನುಭವ. ಏಣಿಯನ್ನು ಹಿಂಬದಿ ಗೋಡೆಗೆ ಒಯ್ದಿದ್ದ. ಮುಂದಿನ ಸಾಲಿನಲ್ಲೇ ಅಕ್ಕ ಕೂತಿದ್ದಾರೆ. ಸಿಕ್ಕಿಕೊಂಡೆ ಅಂದರೆ ಉಳಿದ ಮಾನವೂ ಹೋಯಿತು.

"ಇನ್ನೊಂದೇ ಮಾತು," ಅಂದರು.

ಕಮಾನುಗಳನ್ನು ಹೊಗಳಿದರು. ಕಿಟಕಿಗಳನ್ನು ಒಂದೊಂದಾಗಿ ಹೊಗಳಿದರು. ಗೋಪುರದ ಪಾರಿವಾಳಗಳ ತ್ಯಾಗವನ್ನು ನೆನೆದರು. ಆಗಲೂ ಏಣಿ ಬರಲಿಲ್ಲ. ಬಾಯಿಗೆ ಬಂದದ್ದನ್ನೆಲ್ಲ ಹೇಳತೊಡಗಿದರು. "ಪ್ರತಿಯೊಂದು ಮನೆಗೂ ಇಂಥದೇ ಗೋಪುರ ಕಟ್ಟಿಸಿಕೊಡ್ತೀನಿ!"

"ಕೋಳಿಗೂಡಿಗೆ?" ಅಂತ ಯಾರೋ ಕೂಗಿದರು.

"ಅದಕ್ಕೂ! ಗಡಿಯಾರದ ಸಮೇತ!"

ಜನ ಚಪ್ಪಾಳೆ ತಟ್ಟಿ ತಟ್ಟಿ ಸುಸ್ತಾದರು. ಅರ್ಧ ಮೈದಾನ ಖಾಲಿಯಾಯಿತು. ಅಕ್ಕ ಮಾತ್ರ ಕದಲಲಿಲ್ಲ. ಕೊನೆಗೆ ಎದ್ದು ನಿಂತು, "ಲೋ ಪುಟ್ಟಾ, ಸಾಕು ಇಳಿಯೋ! ಗಂಟಲು ಬಿದ್ದುಹೋಗತ್ತೆ!" ಅಂದರು.

ಅಧ್ಯಕ್ಷರು ಮೈಕಿನಲ್ಲೇ ಹೇಳಿಬಿಟ್ಟರು: "ಅಕ್ಕಾ, ಏಣಿ ಇಲ್ಲ ಕಣಕ್ಕಾ."

ಉಳಿದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಷ್ಟರಲ್ಲಿ ಬಣ್ಣದವನು ಏಣಿ ಹೊತ್ತು ಓಡೋಡಿ ಬಂದ. ಅಕ್ಕ ಕೈ ಅಡ್ಡ ಹಿಡಿದರು.

"ತಡಿಯಪ್ಪಾ, ಏಣಿ ಕೆಳಗಿಡು. ನಮ್ಮ ಪುಟ್ಟ ಮಾತಾಡ್ತಿದಾನೆ." ಕುರ್ಚಿಯನ್ನು ಬಾಲ್ಕನಿಯ ಕೆಳಗೇ ಎಳೆದುಕೊಂಡು ಕೂತು, ಮುಖವೆತ್ತಿದರು. "ಕೋಳಿಗೂಡಿನ ಗೋಪುರ ಅಂದ್ಯಲ್ಲ, ಆಮೇಲೆ? ಹೇಳೋ, ಕೇಳ್ತಿದೀನಿ."

ಅಧ್ಯಕ್ಷರು ಸಂತೋಷದಿಂದ ಮೈಕನ್ನು ಬಾಯಿಗೆ ಹಿಡಿದರು. ಎಷ್ಟು ತಡಕಾಡಿದರೂ ಒಂದು ಮಾತೂ ಹೊರಡಲಿಲ್ಲ.