ಕೂಸು ಕ್ಯಾಪ್ಟನ್

ಉತ್ತರ ಧ್ರುವ ಎಲ್ಲೋ ಕಳೆದುಹೋಗಿದೆ ಎಂಬಂತೆ ಹುಡುಕಲು ಬಂದು, ಹೆಪ್ಪುಗಡಲಲ್ಲಿ ಸಿಕ್ಕಿಕೊಂಡಿತ್ತು ಬಿಳಿಯರ ಹಡಗು. ಅದರ ಕ್ಯಾಪ್ಟನ್ ಪೆಂಬರ್ಟನ್ ಸತ್ತ ಮರುದಿನವೇ ಆ ಹಿಮನಾಡಿನ ಹೆಂಗಸು ಅರ್ನಾಲುಕ್‌ಗೆ ಗಂಡುಮಗು ಹುಟ್ಟಿತು. ಅವಳ ಜನರ ನಂಬಿಕೆಯಲ್ಲಿ, ಕೂಸಿಗೆ ಸತ್ತವರ ಹೆಸರಿಟ್ಟರೆ ಸತ್ತವರೇ ಮರಳಿ ಬಂದಂತೆ. ಅವಳಿಗೆ ಸೂಜಿ, ಚಹಾ, ಬೈಗುಳ ಮೂರನ್ನೂ ಧಾರಾಳವಾಗಿ ಕೊಟ್ಟಿದ್ದ ಆಸಾಮಿ ಅವನು. ಹಾಗಾಗಿ ಮಗ ಪೆಂಬರ್ಟನ್ ಆದ.

ಹೆಸರಿಟ್ಟದ್ದೇ ತಡ, ಮಗು ಒಂದೇ ಸಮನೆ ಅಳತೊಡಗಿತು. ಮೊಲೆ ಕಚ್ಚಲೊಲ್ಲದು. ಅರ್ನಾಲುಕ್‌ಗೆ ಜೀವ ಬಾಯಿಗೆ ಬಂತು.

"ಇವನ ಜನ ಅಲ್ಲಿ ವಸಡು ಕೊಳೆತು ಸಾಯ್ತಿದ್ದಾರೆ. ಅವರನ್ನ ಬಿಟ್ಟು ಇವನಿಗೆ ಹಾಲು ಇಳಿಯುತ್ತಾ?" ಎಂದಳು ಗಂಡನಿಗೆ.

ಅಂದೇ ಅರ್ನಾಲುಕ್‌ಳ ಗುಂಪು ಸೀಲ್ ಬೇಟೆಯ ದಡಕ್ಕೆ ಹೊರಡುವುದಿತ್ತು. ಬಿಳಿಯರೂ ಬಂದು ಹಸಿಮಾಂಸ ತಿಂದರೆ ವಸಡಿನ ರೋಗ ವಾಸಿಯಾಗಿ ಬದುಕುತ್ತಿದ್ದರು. ಆದರೆ ಉಪನಾಯಕ ಹಾರ್ಟ್‌ನಲ್‌ನದು ಒಂದೇ ಹಟ: ಕ್ಯಾಪ್ಟನ್ನರ ಅಪ್ಪಣೆಯಿಲ್ಲದೆ ಯಾರೂ ಹಡಗು ಬಿಡಕೂಡದು.

"ಅಪ್ಪಣೆ ತಾನೇ? ತಗೋ, ಇವನನ್ನೇ ಕೇಳು," ಎಂದು ಅರ್ನಾಲುಕ್ ಕೂಸನ್ನು ತೊಗಲಂಗಿಯ ಬೆನ್ನಚೀಲದಲ್ಲಿ ಹೊತ್ತು ಹಡಗು ಹತ್ತಿಯೇ ಬಿಟ್ಟಳು.

"ನಿನಗೇನು ತಲೆ ಕೆಟ್ಟಿದೆಯೇನಮ್ಮಾ?" ಎಂದ ಹಾರ್ಟ್‌ನಲ್. ಅವಳ ಮಾತು ಅವನಿಗೆ ಚೆನ್ನಾಗಿಯೇ ಬರುತ್ತಿತ್ತು.

"ಮೊದಲು ಟೋಪಿ ತೆಗಿ. ಕ್ಯಾಪ್ಟನ್ ಮುಂದೆ ನಿಂತಿದ್ದೀಯ."

ಹಿಂದಿದ್ದ ನಾವಿಕರು ಒಬ್ಬೊಬ್ಬರಾಗಿ ಟೋಪಿ ತೆಗೆದರು. ಬದುಕುವ ಆಸೆ ಯಾರಿಗಿಲ್ಲ ಹೇಳಿ! ಕೊನೆಗೆ ಹಾರ್ಟ್‌ನಲ್ ಒಳಗೆ ಹೋಗಿ, ಗುಂಡಿ ಹೊಳೆಯುವ ಕೋಟು ತೊಟ್ಟು, ಕತ್ತಿ ಕಟ್ಟಿಕೊಂಡು ಬಂದು ಕೂಸಿಗೆ ಸೆಲ್ಯೂಟ್ ಹೊಡೆದ.

"ಸಾರ್, ಹಡಗು ಬಿಡೋಕೆ ಅಪ್ಪಣೆ ಕೊಡ್ತೀರಾ?"

ಮಗು ಮುಖ ಕೆಂಪಗೆ ಮಾಡಿಕೊಂಡು ಕಿಟಾರನೆ ಕಿರುಚಿತು.

"ಬೇಡ ಅಂತಿದ್ದಾರೆ. ಸತ್ತೆವು ಕಣ್ರೋ," ಎಂದ ಅಡುಗೆಯವ.

"ಥೂ! ನಿಮ್ಮ ಕ್ಯಾಪ್ಟನ್ ಹೂಂ ಅನ್ನೋದನ್ನಾದರೂ ಯಾವತ್ತು ಕಿರುಚದೆ ಹೇಳಿದ್ದ?" ಎಂದಳು ಅರ್ನಾಲುಕ್.

ಹಾರ್ಟ್‌ನಲ್ ಗಂಭೀರವಾಗಿ ಯೋಚಿಸಿದ. "ಅದು ನಿಜ. ಒಂದು ದಿನವೂ ಇಲ್ಲ." ಆಮೇಲೆ ತಿರುಗಿ ಕೂಗಿದ, "ಎಲ್ಲರೂ ಇಳೀರಿ!"

ನಾವಿಕರು ದಡಬಡನೆ ಇಳಿದರು. ಅರ್ನಾಲುಕ್ ಹೊರಟರೆ ಹಾರ್ಟ್‌ನಲ್ ಅಡ್ಡ ನಿಂತ. ಕ್ಯಾಪ್ಟನ್ ಕಟ್ಟಕಡೆಗೇ ಇಳಿಯಬೇಕಂತೆ, ಅದು ಅವರ ಕಟ್ಟಳೆಯಂತೆ. ಎಂಥಾ ಜನವಪ್ಪಾ ಎಂದು ಗೊಣಗುತ್ತಾ, ಅವನೂ ಇಳಿಯುವವರೆಗೆ ಅವಳು ಖಾಲಿ ಹಡಗಿನಲ್ಲಿ ನಡುಗುತ್ತಾ ಕಾದಳು.

ಅವಳ ಕಾಲು ಮಂಜಿಗೆ ತಾಗಿದ್ದೇ ಮಗುವಿನ ಅಳು ನಿಂತಿತು. ಅಲ್ಲೇ ಜಾರುಬಂಡಿಯ ಮೇಲೆ ಕುಳಿತು ಮೊಲೆಗೆ ಹಚ್ಚಿದಳು, ಗಟಗಟ ಕುಡಿಯಿತು. ಅವಳಿಗೆ ಹೋದ ಜೀವ ಬಂದಂತಾಯಿತು.

ಹಾರ್ಟ್‌ನಲ್ ಮರ್ಯಾದೆಗೆ ಬೆನ್ನು ತಿರುಗಿಸಿ ನಿಂತಿದ್ದ.

"ಅಪ್ಪಣೆ ಗಿಪ್ಪಣೆ ಎಲ್ಲ ನೆಪ ಕಣಮ್ಮಾ," ಎಂದ. "ಸತ್ತ ಕ್ಯಾಪ್ಟನ್ನರೊಬ್ಬರನ್ನೇ ಇಲ್ಲಿ ಬಿಟ್ಟು ಹೋಗೋಕೆ ನನಗೆ ಮನಸ್ಸು ಬರಲಿಲ್ಲ."