ಮೋಟಾರಿಗೆ ಗೂಡ್ಸ್ ಗಾಡಿಯ ಕಮಾನು

ಈನಕ್ ಟ್ಯಾಟ್ಲೋ ಪರೀಕ್ಷಿಸಿ ಬಿಟ್ಟ ಕಮಾನು ಮುರಿದದ್ದನ್ನು ಶೆಫೀಲ್ಡಿನಲ್ಲಿ ಯಾರೂ ಕಂಡಿರಲಿಲ್ಲ. ಗಾಡಿಯ ಕುಲುಕು ತಡೆಯಲು ಅಡಿಗೆ ಕೂಡಿಸುವ, ಉಕ್ಕಿನ ಪಟ್ಟಿಗಳನ್ನು ಪೇರಿಸಿ ಬಿಗಿದ ಕಮಾನನ್ನು ಯಂತ್ರಕ್ಕೆ ಕೊಟ್ಟು, ನೆಟ್ಟಗಾಗುವ ತನಕ ಅದುಮಿ, ಬಿಟ್ಟಾಗ ಮೊದಲಿನ ಬಾಗಿಗೇ ಮರಳಿತೇ ಎಂದು ಅಳೆಯುವುದು ಅವನ ಕಸುಬು. ಮರಳಿದರೆ "ಆಮೆನ್" ಎನ್ನುತ್ತಿದ್ದ.

ಅವನ ಆಮೆನ್ ಈವರೆಗೆ ಸಂದದ್ದೆಲ್ಲ ರೈಲಿನ ಗೂಡ್ಸ್ ಡಬ್ಬಿಗಳಿಗೆ. ಈಗ ಕೊವೆಂಟ್ರಿಯಲ್ಲಿ ಮೋಟಾರು ಗಾಡಿ ಕಟ್ಟುವ ರೇವನ್‌ಹಿಲ್ ತನ್ನ ಹೊಸ ಮೋಟಾರಿಗೆ ಕಮಾನು ಕೇಳಿದ್ದ. ಎಷ್ಟು ಉದ್ದ, ಎಷ್ಟು ಪಟ್ಟಿ, ಎಷ್ಟು ದಪ್ಪ ಎಂದು ಗೊತ್ತುಮಾಡಿದವನು ಈನಕನೇ. "ಈ ಗಿರಾಕಿ ಕೈತಪ್ಪಿದ್ರೆ ನೀನು ಮತ್ತೆ ಗೂಡ್ಸಿಗೇ" ಎಂದಿದ್ದ ಕಾರ್ಖಾನೆಯ ಧಣಿ. ಈನಕನಿಗೋ ಮೋಟಾರಿನ ಮೋಹ ಹತ್ತಿಬಿಟ್ಟಿತ್ತು.

ಮೋಟಾರಿಗೆ ಕಮಾನು ಕೂಡಿಸಿ ಇಬ್ಬರೂ ಓಡಿಸಿ ನೋಡಲು ಹೊರಟರು. ರೇವನ್‌ಹಿಲ್ ಚುಕ್ಕಾಣಿಗೆ, ಈನಕ್ ಭಾನುವಾರದ ಕೋಟು ತೊಟ್ಟು ಹಿಂದಿನ ಸೀಟಿಗೆ. ಕಲ್ಲು ಹಾಸಿದ ಇಳಿಜಾರು ಬಂದದ್ದೇ ಈನಕ್ ಕೀರ್ತನೆ ಹಿಡಿದ. ಕಲ್ಲಿಗೊಂದರಂತೆ ಪದಗಳು ಉದುರಿ, ಕೊನೆಗೆ ಬಾಯಲ್ಲಿ ಉಳಿದದ್ದು ದೇವರ ಹೆಸರೊಂದೇ. ಅದೂ ತುಂಡು ತುಂಡಾಗಿ.

"ಹೇಗಿದೆಯಪ್ಪಾ ಟ್ಯಾಟ್ಲೋ?" ರೇವನ್‌ಹಿಲ್ ಮುಂದಿನ ಸೀಟಿನಿಂದ ಕೂಗಿದ.

"ಕಮಾನು ಗಟ್ಟಿಯಾಗಿದೆ ಸ್ವಾಮಿ. ನಾನೇ ಕೀಲು ಬಿಟ್ಕೊಂಡಿದೀನಿ."

ರೇವನ್‌ಹಿಲ್ ಗಾಡಿ ನಿಲ್ಲಿಸಿ ತನ್ನ ಸೊಂಟ ಹಿಡಿದುಕೊಂಡು ಇಳಿದ. "ಏನಯ್ಯಾ, ಇದರ ಮೇಲೆ ಏನಿಟ್ಟು ಪರೀಕ್ಷೆ ಮಾಡ್ದೆ?"

"ಐದು ಜನರ ತೂಕದ ಕಬ್ಬಿಣದ ಗಟ್ಟಿ."

"ಅದಕ್ಕೆ ಬೆನ್ನು ಇರುತ್ತೇನಯ್ಯಾ?"

ಸಮಜಾಯಿಷಿ ಹೇಳಲು ಹೊರಟ ಈನಕನಿಗೆ ತನ್ನ ಬಗ್ಗೆಯೇ ನಗು ಬಂತು. "ತಪ್ಪು ನಂದೇ ಸ್ವಾಮಿ. ಇಷ್ಟು ವರ್ಷ ಕಲ್ಲಿದ್ದಲು ಹೊರೋದಕ್ಕೆ ಕಮಾನು ಮಾಡ್ದೆ. ಒಂದೇ ಒಂದು ಇದ್ದಲಿನ ಹೆಂಟೆ ಬಂದು 'ಅಯ್ಯೋ ನೋವು' ಅಂದಿದ್ರೆ ಕೇಳಿ! ನಾನು ಬಲು ಜಾಣ ಅಂದ್ಕೊಂಡೆ."

ರೇವನ್‌ಹಿಲ್ ನಗಲಿಲ್ಲ. "ಈಗ?"

"ಎರಡು ಪಟ್ಟಿ ತೆಗೀತೀನಿ. ಉಳಿದದ್ದನ್ನ ತೆಳು ಮಾಡಿ ಉದ್ದ ಬಿಡ್ತೀನಿ. ಮುರಿಯದ ಹಾಗೆ ಯಂತ್ರದಲ್ಲಿ ಅದುಮ್ತೀನಿ. ಆಮೇಲೆ..." ಹೇಳುವಾಗಲೇ ಅವನ ಸೊಂಟ ಬೇಡವೆಂದಿತು. "ಆಮೇಲೆ ನಾನೇ ಕೂತು ನೋಡ್ತೀನಿ."

"ಪ್ರತಿಸಲವೂ?"

"ಪ್ರತಿಸಲವೂ."

"ಹಾಗಾದ್ರೆ ಆರ್ಡರು ನಿಮ್ಮ ಕಾರ್ಖಾನೆಗೇ. ನಾಳೆ ಬೆಳಗ್ಗೇನೇ ಶುರುಮಾಡು."

ಮನೆಯಲ್ಲಿ ಹೆಂಡತಿ ಹೆಸ್ಟರ್ ಆಲೂಗಡ್ಡೆ ಮಾಂಸದ ಸಾರು ಬಡಿಸಿ ಕುರ್ಚಿ ಎಳೆದಳು. "ಗೆದ್ದು ಬಂದಿದೀರಿ, ಕೂತ್ಕೊಳ್ರೀ."

"ಬೇಡ ಕಣೇ," ಎಂದ ಈನಕ್, ತಟ್ಟೆಯನ್ನು ಕೈಗೆತ್ತಿಕೊಳ್ಳುತ್ತ, "ಗೆದ್ದೋರು ನಿಂತೇ ಉಣ್ತಾರೆ."