ಪ್ರಾಣೇಶನ ಶುಕ್ರವಾರದ ಬುತ್ತಿ

ಗೋಲ್ಕೊಂಡದ ಬಳಿಯ ಮಣಿಕೊಂಡದಲ್ಲಿ ನೆಲೆಸಿದ ಕನ್ನಡಿಗರ ಫೋನುಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿದರೆ ಅಲ್ಲಿಯ ಅತಿ ಎತ್ತರದ ಅಪಾರ್ಟ್‌ಮೆಂಟು ಕೂಡ ತಲೆಯೆತ್ತಿ ನೋಡಬೇಕಾದೀತು. ಅಷ್ಟೂ ಫೋನುಗಳಿಗೆ ಪ್ರತಿ ಶುಕ್ರವಾರ ಸಂಜೆ ಪ್ರಾಣೇಶನ ಬುತ್ತಿ ಬಂದು ಬೀಳುತ್ತಿತ್ತು, ಅಷ್ಟೂ ಫೋನುಗಳಲ್ಲಿ ಬಿಚ್ಚದೆಯೇ ಹಳಸುತ್ತಿತ್ತು.

ಬುತ್ತಿ ಎಂದರೆ ಉಣ್ಣುವ ಬುತ್ತಿಯಲ್ಲ. ರಾಯಚೂರಿನಿಂದ ಬಂದು ಯಾವುದೋ ಕಂಪನಿಯ ಕಂಪ್ಯೂಟರಿನ ಮುಂದೆ ಕೂತಿದ್ದ ಪ್ರಾಣೇಶ ವಾರವಿಡೀ ಇಂಟರ್ನೆಟ್ಟಿನ ಸಂದಿಗೊಂದಿ ಜಾಲಾಡುತ್ತಿದ್ದ. ದೇವರಿಗೂ ಸಿಗದಂಥ ಸಾಮಾನುಗಳನ್ನು ಹೆಕ್ಕಿ ತಂದು ‘ಮಣಿಕೊಂಡ ಕನ್ನಡ ಬಳಗ’ ಎಂಬ ವಾಟ್ಸಾಪ್ ಗುಂಪಿಗೆ ಬಡಿಸುತ್ತಿದ್ದ. ಯಾರ ಹಂಗೂ ಇಲ್ಲದೆ ಲಿಫ್ಟಿನಲ್ಲಿ ನಾಲ್ಕನೇ ಮಹಡಿಗೆ ಹೋಗುವ ಆಡು. ಚಹಾದ ಕಿಟ್ಲಿಗಳಿಗೆ ಸ್ವೆಟರ್ ಹೆಣೆಯುತ್ತಲೇ ಮುಪ್ಪಾದ ಮುದುಕ. ಸಮುದ್ರದಂಡೆಯ ದೀಪಸ್ತಂಭಗಳ ಬಾಗಿಲಿನ ಚಿತ್ರ ಬಿಟ್ಟರೆ ಇನ್ನೇನೂ ಇಲ್ಲದ ಒಂದು ವೆಬ್‌ಸೈಟು. ಎಲ್ಲದರ ಕೊನೆಗೆ, ಮೊಸರನ್ನದ ಹಾಗೆ, ಒಂದು ಹಳೆಯ ಜಾಝ್. ಮುತ್ತಜ್ಜಂದಿರ ಕಾಲದ ಅಮೆರಿಕದಲ್ಲಿ ತುತ್ತೂರಿ, ಕ್ಲಾರಿನೆಟ್ಟು, ಡ್ರಮ್ಮುಗಳು ಒಂದರ ಮಾತನ್ನೊಂದು ಕಸಿದುಕೊಂಡು ಹರಟುತ್ತಿದ್ದ ಸಂಗೀತ.

ಅದರ ಕೆಳಗೆ ಬರುತ್ತಿದ್ದ ಉತ್ತರ ಹೀಗಿರುತ್ತಿತ್ತು: ‘ನೀರಿನ ಟ್ಯಾಂಕರ್ ನಂಬರ್ ಯಾರ ಹತ್ರ ಐತ್ರಿ?’

ಆ ಪ್ರಶ್ನೆಗೆ ಗುಂಪಿಗೆ ಗುಂಪೇ ಎದ್ದು ಕೂರುತ್ತಿತ್ತು. ಟ್ಯಾಂಕರು ಬಂತೇ, ಬರಲಿಲ್ಲವೇ, ಡ್ರೈವರ್ ಫೋನು ಎತ್ತುತ್ತಾನೆಯೇ ಎಂದು ಮಹಾಭಾರತ ನಡೆಯುತ್ತಿತ್ತು. ಬೆಳಗಾದರೆ ಗುಂಪಿನ ಯಜಮಾನ ವಿಠಲ, ಬೀದರಿನವನು, ಸೂರ್ಯನಿಗಿಂತ ಮೊದಲೇ ಎದ್ದು ಒಂದು ಗುಲಾಬಿಯ ಚಿತ್ರದ ಮೇಲೆ ‘ಶುಭೋದಯ’ ಎಂದು ಹಾಕುತ್ತಿದ್ದ. ಆ ಗುಲಾಬಿಗೆ ಕೈಮುಗಿದವರ ಸಾಲು ಸನತ್‌ನಗರದವರೆಗೆ ಹೋಗುವಷ್ಟಿತ್ತು. ಪ್ರಾಣೇಶನ ಜಾಝ್ ಆ ಕೈಗಳ ಅಡಿಯಲ್ಲಿ ಉಸಿರುಗಟ್ಟಿ ಸಾಯುತ್ತಿತ್ತು.

ಇದನ್ನೂ ಅವನು ಸಹಿಸಿಕೊಂಡಾನು. ಸಹಿಸಲಾಗದ್ದು ಕೋಠಿಯ ತಟ್ಟೆಯ ಸಂಗತಿ.

ಕೋಠಿಯ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕ ಕೆದರುತ್ತಿದ್ದಾಗ ಡಾಕ್ಟರಾಗಲು ಓದುವವರ ದಪ್ಪ ಗೈಡುಗಳ ಅಡಿಯಲ್ಲಿ ಅವನಿಗೊಂದು ಗ್ರಾಮೋಫೋನ್ ತಟ್ಟೆ ಸಿಕ್ಕಿತ್ತು. ನಡುವಿನ ಚೀಟಿ ಸವೆದು ಬೋಳಾಗಿತ್ತು. ಹಾಡಿನ ಹೆಸರಿಲ್ಲ, ನುಡಿಸಿದವರ ಹೆಸರಿಲ್ಲ. ಅಂಗಡಿಯ ಮುದುಕ ಮೂಲೆಯಿಂದ ಗ್ರಾಮೋಫೋನ್ ಎಳೆದು ಹ್ಯಾಂಡಲ್ ತಿರುವಿದ. ನಿಜಾಮರ ಕಾಲದ ಧೂಳೆಲ್ಲ ಒಮ್ಮೆಗೇ ಮೇಲೆದ್ದಿತು. ಆ ಧೂಳಿನೊಳಗೆ ಮುಳುಗಿಯೇ ಪ್ರಾಣೇಶ ಫೋನನ್ನು ಅದರ ಬಾಯಿಗೆ ಹಿಡಿದು ರೆಕಾರ್ಡ್ ಮಾಡಿಕೊಂಡ.

ಮೊದಲು ಡ್ರಮ್ಮು ಧಪ್ ಧಪ್ ಎಂದು ಹದವಾಗಿ ನಡೆಯುತ್ತದೆ. ಆಮೇಲೆ ಒಂದು ಕ್ಲಾರಿನೆಟ್ಟು ಗುಂಪಿನಿಂದ ಬೇರೆಯಾಗಿ, ಯಾರಿಗೂ ಹೇಳದ ಸಂಕಟವೊಂದನ್ನು ಹೊತ್ತುಕೊಂಡು ಮೆಟ್ಟಿಲು ಹತ್ತುತ್ತದೆ. ಅದು ತುದಿ ಮುಟ್ಟುವ ಗಳಿಗೆಗೆ ಪ್ರಾಣೇಶನ ಕಣ್ಣಿನಲ್ಲಿ ಹುಸೇನ್ ಸಾಗರವೇ ತುಂಬಿ ಬರುತ್ತಿತ್ತು. ಆ ಸುಖ ಇಳಿಯುವುದರೊಳಗೆ ಅವನು ಮತ್ತೆ ಮೊದಲಿನಿಂದ ಹಚ್ಚುತ್ತಿದ್ದ. ಹೀಗೆ ಕೇಳಿ ಕೇಳಿ, ಇದು ತನ್ನೊಬ್ಬನ ಕಿವಿಯಲ್ಲಿ ಕೊಳೆಯಬಾರದು ಎಂದು, ಸ್ವಂತದ ಒಂದು ಚಾನೆಲ್ ತೆರೆದು ಏರಿಸಿ, ಬುತ್ತಿಯಲ್ಲಿ ಕಟ್ಟಿ ಕಳಿಸಿದ.

‘ಟ್ಯಾಂಕರ್ ಬಂತೇನ್ರಿ?’ ಎಂದು ಉತ್ತರ ಬಂತು.

ಅಂದು ರಾತ್ರಿ ಅವನಿಗೆ ಊಟ ಸೇರಲಿಲ್ಲ. “ಧನಾ, ಇವರಿಗೆ ಕಿವಿ ಅದಾವೋ, ಇಲ್ಲಾ ಕನ್ನಡಕ ಸಿಗಿಸಾಕ ಇಟ್ಕೊಂಡಾರೋ?”

ಹೆಂಡತಿ ಧನಶ್ರೀ ಸಾರು ಬಡಿಸುತ್ತ, “ನನಗ ಹಚ್ಚಿ ತೋರಿಸಿದ್ರಲ್ಲ. ಸಾಕಾಗ್ಲಿಲ್ಲೇನು?” ಎಂದಳು.

“ನೀ ನಡುವ ಎದ್ದು ಹಾಲು ಇಳಸಾಕ ಹ್ವಾದಿ.”

“ಹಾಲು ಉಕ್ಕಾಕತ್ತಿತ್ರಿ. ನಿಮ್ಮ ಪೀಪಿ ಬಂದು ಇಳಸ್ತಿತ್ತೇನು?”

“ಹಂಗಾರ ಕೇಳು. ಬರೋ ಶುಕ್ರವಾರ ಬರೇ ಇದೊಂದ ಹಾಕ್ತೀನಿ. ಒಬ್ರೇ ಒಬ್ರು ಕಡೀತನಕ ಕೇಳಿದ್ರೂ ಸಾಕು. ಇಲ್ಲಂದ್ರ ಬುತ್ತಿ ಬಂದ್, ನಾ ಗುಂಪಿಂದ ಹೊರಗ.”

“ಹೊರಗ ಬಂದ್ರ ಟ್ಯಾಂಕರ್ ನಂಬರ್ ಯಾರನ್ನ ಕೇಳೋಣ್ರಿ?” ಎಂದು ಧನಶ್ರೀ ನಿಜವಾದ ಚಿಂತೆಯಿಂದಲೇ ಕೇಳಿದಳು.

ಶುಕ್ರವಾರ ಬಂತು. ಆಡಿಲ್ಲ, ಮುದುಕನಿಲ್ಲ, ದೀಪಸ್ತಂಭವಿಲ್ಲ. ಹೆಸರಿಲ್ಲದ ಆ ಹಾಡೊಂದೇ. ಮೇಲೊಂದು ಸಾಲು: ‘ದಯವಿಟ್ಟು ಕೊನೆಯವರೆಗೆ ಕೇಳಿರಿ.’ ಗುಂಪು ಎಂದಿನಂತೆ ಬಂಡೆಯಾಗಿ ಕೂತಿತ್ತು. ಆದರೆ ಮರುದಿನ ಮಧ್ಯಾಹ್ನ ಚಾನೆಲ್ ತೆರೆದು ನೋಡಿದ ಪ್ರಾಣೇಶ ಕುರ್ಚಿಯಿಂದ ಬೀಳುವುದೊಂದು ಬಾಕಿ. ಅಲ್ಲಿಯವರೆಗೆ ಅವನೊಬ್ಬನೇ ಕೇಳಿದ ಸಲಗಳನ್ನಷ್ಟೇ ಎಣಿಸಿ ತೋರಿಸುತ್ತಿದ್ದ ಅಂಕಿ ಮೇಕೆಯಂತೆ ಜಿಗಿದು ನೂರು ದಾಟಿತ್ತು. ಭಾನುವಾರ ಇನ್ನೂ ಮೇಲೆ. ಸೋಮವಾರಕ್ಕೆ ಅದು ಗೋಲ್ಕೊಂಡದ ಗುಡ್ಡ ಹತ್ತಿ ನಿಂತಿತ್ತು.

ಪ್ರಾಣೇಶನ ಎದೆ ಅಂಗಿಯ ಗುಂಡಿ ಕೀಳುವಷ್ಟು ಉಬ್ಬಿತು. ಯಾರೋ ಒಬ್ಬ ರಸಿಕ ಸದ್ದಿಲ್ಲದೆ ಕೂತು ಮತ್ತೆ ಮತ್ತೆ ಕೇಳುತ್ತಿದ್ದಾನೆ. ಯಾರು? ಬೆಳಗಿನ ವಾಕಿಂಗಿನಲ್ಲಿ ವಿಠಲನನ್ನು ಅಡ್ಡಗಟ್ಟಿದ.

“ವಿಠಲಣ್ಣಾ, ನಾ ಕಳಿಸಿದ್ದು ನೋಡಿದ್ರ್ಯಾ?”

“ನೋಡ್ದೆ ಇರ್ತೀನೇನ್ರಿ. ಭಾಳ ಛಲೋ ಐತಿ.”

ಪ್ರಾಣೇಶ ಅವನ ಕೈ ಹಿಡಿದುಕೊಂಡ. “ಯಾವ ಜಾಗಾ ಹಿಡಿಸ್ತು?”

“ಆಡು ಲಿಫ್ಟಿನ್ಯಾಗಿಂದ ಇಳದು ತಿರುಗಿ ನೋಡ್ತೈತಲ್ರಿ, ಅದು. ನಮ್ಮ ಮಾವನ ನೆನಪಾತು.”

ಆಡು ಬಂದು ಹೋಗಿ ತಿಂಗಳುಗಳೇ ಆಗಿದ್ದವು. ಪ್ರಾಣೇಶ ಉಳಿದ ದಾರಿಯನ್ನು ಒಬ್ಬನೇ ನಡೆದ, ಕಾಲಲ್ಲಿ ಸಿಕ್ಕ ಕಲ್ಲುಗಳನ್ನೆಲ್ಲ ಒದೆಯುತ್ತ.

ರಸಿಕನನ್ನು ಹಿಡಿದುಕೊಟ್ಟವಳು ಧನಶ್ರೀ. ಅದೇ ಕಟ್ಟಡದ ಮೊದಲ ಮಹಡಿಯಲ್ಲಿ ಶಾರದಾಬಾಯಿ ಇದ್ದರು. ಕಲಬುರಗಿಯವರು, ಬಳಗದ ಎಲ್ಲರಿಗೂ ಹಿರಿಯ ಕಾಕು, ಅಂದರೆ ಚಿಕ್ಕಮ್ಮ. ತಮ್ಮ ಮನೆಗೆ ಬಡಿಯುವಾಗಲೇ ನಾಲ್ಕು ಮನೆಗೆ ಹೆಚ್ಚು ಜೋಳದ ರೊಟ್ಟಿ ಬಡಿದು ಹಂಚದಿದ್ದರೆ ಅವರಿಗೆ ದಿನ ಸಾಗದು. ಅವರ ರೊಟ್ಟಿ ಎಷ್ಟು ತೆಳುವೆಂದರೆ ಅದನ್ನು ಅಡ್ಡ ಹಿಡಿದು ಪೇಪರ್ ಓದಬಹುದು. ರೊಟ್ಟಿ ತರಲು ಹೋದ ಧನಶ್ರೀ ಬರಿಗೈಯಲ್ಲಿ ಓಡಿ ಬಂದಳು. “ರೀ, ಚಪ್ಪಲ್ ಹಾಕ್ಕೋರಿ. ನಿಮ್ಮ ಹಾಡು ಕಾಕೂನ ಅಡಗಿಮನ್ಯಾಗ ಐತಿ.”

ಬಾಗಿಲಲ್ಲಿ ನಿಂತ ಪ್ರಾಣೇಶನಿಗೆ ಮೈ ಜುಮ್ಮೆಂದಿತು. ಹಿಟ್ಟಿನ ಡಬ್ಬಿಗೆ ಒರಗಿಸಿದ ಫೋನಿನಲ್ಲಿ ಡ್ರಮ್ಮು ನಡೆಯುತ್ತಿತ್ತು. ಅದರ ಪ್ರತಿ ಪೆಟ್ಟಿಗೂ ಶಾರದಾಬಾಯಿಯ ಅಂಗೈ ಹಿಟ್ಟಿನ ಮೇಲೆ ಬೀಳುತ್ತಿತ್ತು. ಧಪ್ ಎಂದರೆ ಧಪ್. ರೊಟ್ಟಿ ತಾನಾಗಿ ತಿರುಗುತ್ತ ಹುಣ್ಣಿಮೆಯಂತೆ ಅಗಲವಾಗುತ್ತಿತ್ತು. ಡ್ರಮ್ಮು ಬಾರಿಸಿದವನು ಗೋರಿಯಿಂದೆದ್ದು ಬಂದಿದ್ದರೂ ಇದಕ್ಕಿಂತ ಚೆನ್ನಾಗಿ ತಾಳ ಹಿಡಿಯುತ್ತಿರಲಿಲ್ಲ. ಇನ್ನೇನು ಕ್ಲಾರಿನೆಟ್ಟು ಬಾಯಿ ತೆರೆಯಬೇಕು, ಅಷ್ಟರಲ್ಲಿ ಶಾರದಾಬಾಯಿ ಕಿರುಬೆರಳಿನಿಂದ ಹಾಡು ಮುಚ್ಚಿ, ಗುಂಪಿಗೆ ಹಿಂದೆ ಹೋಗಿ, ಲಿಂಕನ್ನು ಮತ್ತೊಮ್ಮೆ ಒತ್ತಿದರು. ಡ್ರಮ್ಮು ಮೊದಲಿನಿಂದ ಶುರುವಾಯಿತು.

ಗೋಲ್ಕೊಂಡ ಹತ್ತಿದ ಅಂಕಿಯ ಗುಟ್ಟು ಇಷ್ಟೇ. ರೊಟ್ಟಿಗೊಂದು ಸಲ.

“ಕಾಕೂ,” ಪ್ರಾಣೇಶನ ದನಿ ಕ್ಲಾರಿನೆಟ್ಟಿಗಿಂತ ಸಣ್ಣಗಾಗಿತ್ತು, “ಹಾಡು ಇನ್ನೂ ಮುಗಿದಿದ್ದಿಲ್ಲಲ್ರಿ.”

“ಬಾರಪಾ ಪ್ರಾಣೇಶ. ಅದರ ಮುಂದ ಏನೈತಿ? ಪೀಪಿ ಅಳಾಕ ಶುರು ಮಾಡ್ತೈತಿ. ಕೈ ತಪ್ಪಿ ರೊಟ್ಟಿ ಹರೀತಾವ. ಮೊದಲಿಂದು ಭಾಳ ಛಲೋ ಐತಿ, ಯಾರೋ ಕೂಡೇ ಕುಂತು ಬಡದಂಗ ಆಗ್ತೈತಿ.”

“ಆ ಅಳೋದ್ರಾಗ ಜೀವ ಐತ್ರಿ. ಒಂದ ಸಲ ಕಡೀತನಕ ಕೇಳ್ರಿ, ನಿಮ್ಮ ಕಾಲಿಗೆ ಬೀಳ್ತೀನಿ.”

“ಹಂಚು ಕಾಯಾಕತ್ತೈತಿ, ಹಿಟ್ಟು ನಾದಿಟ್ಟೀನಿ. ನಾ ಕೇಳ್ಕೋತ ಕುಂತ್ರ ರೊಟ್ಟಿ ಬಡಿಯಾಕ ಅಮೆರಿಕದಾಂವ ಬರ್ತಾನೇನು?”

“ಇವರು ಬಡೀತಾರ ಬಿಡ್ರಿ,” ಎಂದಳು ಧನಶ್ರೀ, ಗೋಡೆಗೆ ಒರಗಿ.

ಹೀಗೆ ಪ್ರಾಣೇಶ ಮಣೆಯ ಮುಂದೆ ಕೂತ. ಶಾರದಾಬಾಯಿ ಕೈ ಒರೆಸಿಕೊಂಡು, ಫೋನನ್ನು ಮಡಿಲಲ್ಲಿಟ್ಟುಕೊಂಡು, ದೇವರ ಕಥೆ ಕೇಳುವವರ ಹಾಗೆ ಚಕ್ಕಳಮಕ್ಕಳ ಹಾಕಿದರು. ಡ್ರಮ್ಮು ನಡೆಯಿತು. ಪ್ರಾಣೇಶನ ಮೊದಲ ಪೆಟ್ಟಿಗೆ ಹಿಟ್ಟು ಗೋಡೆಗೆ ಹಾರಿತು, ಎರಡನೆಯದಕ್ಕೆ ಅವನ ಮೂಗಿಗೆ. ಕ್ಲಾರಿನೆಟ್ಟು ಮೆಟ್ಟಿಲು ಹತ್ತತೊಡಗಿದಾಗ ರೊಟ್ಟಿ ನಡುವೆ ಸೀಳಿ ಆಂಧ್ರವೊಂದು ಕಡೆ, ತೆಲಂಗಾಣವೊಂದು ಕಡೆಯಾಯಿತು. ಅವೆರಡನ್ನೂ ಒಂದು ಮಾಡುವ ಗಡಿಬಿಡಿಯಲ್ಲಿ, ತನ್ನ ಪ್ರಾಣಕ್ಕಿಂತ ಹೆಚ್ಚಿನ ಆ ಜಾಗ ಯಾವಾಗ ಬಂತು, ಯಾವಾಗ ಹೋಯಿತು ಎಂಬುದೇ ಪ್ರಾಣೇಶನಿಗೆ ತಿಳಿಯಲಿಲ್ಲ.

ಫೋನು ಸುಮ್ಮನಾಯಿತು. ಪ್ರಾಣೇಶ ಹಿಟ್ಟು ಮೆತ್ತಿದ ಮುಖ ಎತ್ತಿದ. “ಕಡೀತನಕ ಕೇಳಿದ್ರ್ಯಾ ಕಾಕೂ? ಹೆಂಗಿತ್ರಿ?”

“ಕೇಳ್ದೆ. ಭಾಳ ಅತ್ತಿತು ಪೀಪಿ.” ಶಾರದಾಬಾಯಿ ಫೋನನ್ನು ಡಬ್ಬಿಗೆ ಒರಗಿಸಿದರು. “ಕಡೀಕ ಆ ಮನಷ್ಯಾ ಕೆಮ್ಮಿದ್ನಲ್ಲ, ಅವಂಗ ಎದಿ ಕಟ್ಟೇತಿ. ಔಷಧಿ ಇಲ್ಲದ ಹೋಗೂದಲ್ಲ ಅದು.”

“ಯಾವ ಮನಷ್ಯಾ? ಅದರಾಗ ಕೆಮ್ಮು ಇಲ್ರಿ. ಸಾವಿರ ಸಲ ಕೇಳೀನಿ ನಾ.”

“ಐತಿ,” ಎಂದು ಅವರು ರೊಟ್ಟಿಯ ಎರಡು ರಾಜ್ಯಗಳನ್ನೂ ಹಿಟ್ಟಿನ ಮುದ್ದೆಗೆ ಸೇರಿಸಿದರು.

ಮನೆಗೆ ಬಂದದ್ದೇ ಪ್ರಾಣೇಶ ಬಾಗಿಲು ಹಾಕಿ ಹಾಡು ಹಚ್ಚಿದ. ಕ್ಲಾರಿನೆಟ್ಟು ತುದಿ ಮುಟ್ಟಿತು. ಅವನ ಬೆರಳು ರೂಢಿಯಂತೆ ಮೊದಲಿಗೆ ತಿರುಗಿಸಲು ಹೋಯಿತು. ಧನಶ್ರೀ ಆ ಬೆರಳನ್ನು ಹಿಡಿದುಕೊಂಡಳು. ಹಾಡು ಮೆಲ್ಲಗೆ ಮೆಟ್ಟಿಲಿಳಿದು ನಿಂತಿತು. ತಟ್ಟೆ ಒಂದಷ್ಟು ಹೊತ್ತು ಕರಕರ ಎಂದಿತು. ಆಮೇಲೆ ಖೊಳ್ ಖೊಳ್ ಎಂದು ಒಂದು ಕೆಮ್ಮು, ಕೋಠಿಯ ಬಸ್ಸುಗಳನ್ನೂ ಬೆಚ್ಚಿಬೀಳಿಸುವಂಥದು. ಅದರ ಹಿಂದೆಯೇ ನೀರು ಕುಡಿಯಲು ಹೇಳುವ ಅಂಗಡಿಯ ಮುದುಕನ ದನಿ: “ಪಾನಿ ಪೀಲೋ ಸಾಬ್, ಪಾನಿ ಪೀಲೋ.”

“ನಿಮ್ಮದ ಕೆಮ್ಮು ಅದು,” ಎಂದಳು ಧನಶ್ರೀ. ನಗು ತಡೆಯಲು ಸೆರಗು ಬಾಯಿಗೆ ಹೋಗಿತ್ತು. “ಅಂದ್ರ ಕಡೀತನಕ ನೀವೂ ಕೇಳಿದ್ದಿಲ್ಲ.”

ಪ್ರಾಣೇಶ ಫೋನನ್ನು ಬೋರಲು ಹಾಕಿದ. ಗುಂಪು ಬಿಡೋಣವೆಂದರೆ ಅದಕ್ಕೂ ದಾರಿಯಿಲ್ಲ. ತಾನೇ ಹಾಕಿದ ಷರತ್ತಿನಂತೆ ಶಾರದಾಬಾಯಿ ಕೊನೆಯವರೆಗೆ ಕೇಳಿಬಿಟ್ಟಿದ್ದರು.

ಅಷ್ಟರಲ್ಲಿ ಫೋನು ಗುಂಯ್ ಎಂದಿತು. ಬಳಗ ಹುಟ್ಟಿದಂದಿನಿಂದ ಒಂದು ಮಾತೂ ಆಡದಿದ್ದ ಶಾರದಾಬಾಯಿ ಮೊದಲ ಬಾರಿಗೆ ಗುಂಪಿಗೆ ದನಿ ಕಳಿಸಿದ್ದರು. “ಪ್ರಾಣೇಶನ ಹಾಡು ಎಲ್ಲಾರೂ ಕೇಳ್ರಿ. ಕಡೀಕ ಒಬ್ಬ ಕೆಮ್ಮತಾನ. ಅಂಥ ಕೆಮ್ಮಿಗೆ ಏನ್ ಕೊಡ್ತೀರಿ ನಿಮ್ಮ ಕಡೆ?”

ಬಂಡೆ ಒಡೆಯಿತು. ಮಣಿಕೊಂಡಕ್ಕೆ ಮಣಿಕೊಂಡವೇ ಹಾಡಿನ ಮೇಲೆ ಬಿತ್ತು. ಬಿದ್ದವರೆಲ್ಲ ಸೀದಾ ಕೊನೆಗೆ ಓಡಿಸಿ ಕೆಮ್ಮನ್ನಷ್ಟೇ ಕೇಳಿದರು. ಅಜವಾನ ಎಂದರು, ಮೆಣಸು ಎಂದರು, ಒಣಶುಂಠಿ, ಜ್ಯೇಷ್ಠಮಧು ಎಂದರು. ಇದು ಒಣಕೆಮ್ಮೋ ಕಫದ ಕೆಮ್ಮೋ ಎಂದು ಎರಡು ಪಕ್ಷಗಳಾದವು. ವಿಠಲ ಗುಲಾಬಿಯ ಮೇಲೆ ‘ಬೇಗ ಗುಣಮುಖರಾಗಿ’ ಎಂದು ಬರೆದು ಹಾಕಿದ. ಶುಕ್ರವಾರದ ಬುತ್ತಿಯ ಇತಿಹಾಸದಲ್ಲಿ ಇಷ್ಟು ಉತ್ತರಗಳು ಯಾವ ಹಾಡಿಗೂ ಬಂದಿರಲಿಲ್ಲ.

ಪ್ರಾಣೇಶ ‘ಸ್ವಾಮಿ, ನಡುವೆ ಒಂದು ಕ್ಲಾರಿನೆಟ್ ಇದೆ’ ಎಂದು ಟೈಪ್ ಮಾಡಿ, ಹಲ್ಲು ಕಚ್ಚಿ, ಕಳಿಸಿಯೇ ಬಿಟ್ಟ.

ಅದರ ಕೆಳಗೆ ಯಾರೋ ಬರೆದರು: ‘ಅದಿರಲಿ, ಟ್ಯಾಂಕರ್ ಬಂತೇನ್ರಿ?’